ಭೃಂಗರಾಜ ಅಂತ ಅರವತ್ತು ರೂಪಾಯಿಗೆ ಕೊಟ್ಟಿದ್ದು ಬೇರೆ ಗಿಡ

ನಮ್ಮ ಏರಿಯಾ ನರ್ಸರೀಲಿ ಕೂದಲೆಣ್ಣೆ ಮಾಡೋಕೆ ಅಂತ ಭೃಂಗರಾಜದ ಗಿಡ ತಗೊಂಡೆ, ಚೀಟೀಲೂ ಅದೇ ಬರ್ದಿತ್ತು, ಮೂರು ವಾರಕ್ಕೆ ಹೂ ಬಿಡ್ತು ನೋಡಿದ್ರೆ ಹಳದಿ! ಅದು ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ, ರಸ್ತೆ ಡಿವೈಡರ್‌ನಲ್ಲಿ ಹಬ್ಬಿಸ್ತಾರಲ್ಲ, ಅದೇ. ಅಮೆರಿಕದ ಉಷ್ಣವಲಯದ್ದು.

ಎರಡೂ ಸೂರ್ಯಕಾಂತಿ ಕುಟುಂಬದ್ದೇ, ಹತ್ತಿರದ ನೆಂಟ್ರು ಬೇರೆ, ಹೂವಿಲ್ಲದಾಗ ಮೋಸ ಹೋಗೋದು ಸಹಜ. ಆದ್ರೆ ಎಲೆ ಮುಟ್ಟಿದ್ರೆ ಗೊತ್ತಾಗತ್ತೆ. ಹಳದಿದು ಮಿರಮಿರ ಹೊಳಿಯತ್ತೆ, ಸಾಮಾನ್ಯವಾಗಿ ಮೂರು ಸೀಳಿರತ್ತೆ. ನಿಜವಾದ ಭೃಂಗರಾಜ ಅಂದ್ರೆ ನಮ್ಮ ಗರುಗದ ಸೊಪ್ಪು, ಎಕ್ಲಿಪ್ಟ ಪ್ರೊಸ್ಟ್ರೇಟ, ಉದ್ದನೆ ಎಲೆ, ಒರಟು ರೋಮ, ಬಟನ್ ಥರ ಪುಟ್ಟ ಬಿಳಿ ಹೂ. ಅಂಗೈಲಿ ಹಾಕಿ ಉಜ್ಜಿ, ರಸ ಹಸಿರಿದ್ದಿದ್ದು ನೋಡ್ತಾ ನೋಡ್ತಾ ಕಪ್ಪಾಗತ್ತೆ, ನಮ್ಮಜ್ಜಿ ಅದ್ರ ರಸದಲ್ಲಿ ಬಟ್ಟೆ ಅದ್ದಿ ಒಣಗ್ಸಿ ಬತ್ತಿ ಮಾಡಿ ಕಾಡಿಗೆ ಹಿಡೀತಿದ್ರು.

ವಾಪಸ್ ತಗೊಂಡು ಹೋದ್ರೆ ಅಂಗಡಿಯವ್ರು "ಎರಡೂ ಒಂದೇ ಮೇಡಂ" ಅಂದ್ರು. ಗಿಡ ಆರೋಗ್ಯವಾಗಿತ್ತು, ಕುಂಡಾನೂ ಚೆನ್ನಾಗಿತ್ತು, ಅದಕ್ಕೆ ಎರಡು ಸ್ಟಾರ್. ನೆಲಕ್ಕೆ ಮಾತ್ರ ನೆಡಬೇಡಿ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹಿತ್ತಲೆಲ್ಲಾ ಆವರಿಸ್ಕೊಳತ್ತೆ. ಅಸಲಿ ಗರುಗ ಕೊನೆಗೆ ಊರಿನ ಗದ್ದೆ ಬದುವಲ್ಲಿ ಪುಕ್ಸಟ್ಟೆ ಸಿಕ್ತು.