ಕಹಳೆ ಬಂಡೆ ಉದ್ಯಾನ: ಬಂಡೆಯನ್ನು ಬಂಡೆಯಾಗಿಯೇ ಬಿಟ್ಟ ಪಾರ್ಕು

ಬೆಂಗಳೂರಿನ ಬಸವನಗುಡಿಯವರ ಬಾಯಲ್ಲಿ ಇಂದಿಗೂ ಬ್ಯೂಗಲ್ ರಾಕ್ ಆಗಿಯೇ ಉಳಿದಿರುವ ಕಹಳೆ ಬಂಡೆ ಉದ್ಯಾನಕ್ಕೆ ವಿಶಾಲವಾದ ಹುಲ್ಲುಹಾಸನ್ನೂ ಸಾಲುಸಾಲು ಹೂವಿನ ಮಡಿಗಳನ್ನೂ ಬಯಸಿ ಹೋದವರಿಗೆ ತುಸು ನಿರಾಸೆಯಾದೀತು. ಇಲ್ಲಿ ನೋಡಲು, ಹತ್ತಲು, ಕೂರಲು ಇರುವುದು ಮುಖ್ಯವಾಗಿ ಬಂಡೆಯೇ. ಸುಮಾರು 300 ಕೋಟಿ ವರ್ಷ ಹಳೆಯದಾದ, ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ ಈ ಶಿಲೆಯ ಮೈಯನ್ನು ಹತ್ತಿರದಿಂದ ನೋಡಿದರೆ ಬಿಳಿ ಮತ್ತು ಬೂದು ಬಣ್ಣದ ಪಟ್ಟೆಗಳು ಬಳುಕುತ್ತ ಸಾಗಿರುವುದು ಕಾಣುತ್ತದೆ. ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿಯದು. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯ ಫಲಕವಿದೆ, ಅದರ ದಾಯಾದಿಯಾದ ಇದರ ಮೇಲೆ ಮಕ್ಕಳು ಜಾರುಬಂಡೆ ಆಡುತ್ತಾರೆ.

ಸಂಜೆಯಾಗುತ್ತಲೇ ಕಾವಲುಗಾರನೊಬ್ಬ ಮೇಲೆ ನಿಂತು ಕಹಳೆ ಊದಿ ಊರಿಗೆ ಎಚ್ಚರಿಕೆ ನೀಡುತ್ತಿದ್ದನೆಂಬ ಪ್ರತೀತಿಯಿಂದ ಬಂಡೆಗೆ ಈ ಹೆಸರು ಬಂದಿದೆ. ನೆತ್ತಿಯ ಮೇಲಿನ ಪುಟ್ಟ ಮಂಟಪವನ್ನು ಕೆಂಪೇಗೌಡರ ಕಾಲದ್ದೆನ್ನುತ್ತಾರೆ. ಆದರೆ ಲಾಲ್‌ಬಾಗ್, ಕೆಂಪಾಂಬುಧಿ, ಹಲಸೂರು ಮತ್ತು ಮೇಖ್ರಿ ವೃತ್ತದ ಬಳಿಯ ಪ್ರಸಿದ್ಧ ನಾಲ್ಕು ಗಡಿ ಗೋಪುರಗಳ ಸಾಲಿನಲ್ಲಿ ಇದು ಸೇರುವುದಿಲ್ಲವೆಂಬುದನ್ನು ಜೊತೆಗೆ ಬಂದವರಿಗೆ ತಿಳಿಸಿಬಿಡುವುದು ಒಳ್ಳೆಯದು. ಪ್ಲೇಗಿನ ಹೊಡೆತದಿಂದಾಗಿ, ಕಿಕ್ಕಿರಿದ ಪೇಟೆಯ ಹೊರಗೆ 1898ರಲ್ಲಿ ಬಸವನಗುಡಿ ಬಡಾವಣೆ ರೂಪುಗೊಂಡಾಗ ಬಂಡೆಯನ್ನು ಒಡೆದು ನಿವೇಶನ ಮಾಡದಿದ್ದುದು ನಮ್ಮ ಪುಣ್ಯ.

ಸೌಕರ್ಯಗಳು ಸರಳವಾಗಿವೆ: ಮರಗಳ ನೆರಳಿನಲ್ಲಿ ಸುತ್ತಲು ಕಾಲುದಾರಿ, ಕೂರಲು ಬೆಂಚು, ಏರಲು ಮೆಟ್ಟಿಲು. ನೀರಿನ ತೊಟ್ಟಿಯ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಮುಖಗಳನ್ನು ಮೂಡಿಸಿರುವುದು ನನಗೆ ವಿಶೇಷವಾಗಿ ಹಿಡಿಸಿತು. ಮಂಡಿನೋವಿರುವವರು ಕೆಳಗಿನ ದಾರಿಯಲ್ಲಿಯೇ ನಡೆಯುವುದು ಲೇಸು. ಮಳೆ ಬಿದ್ದ ದಿನ ಬಂಡೆ ಏರುವ ಸಾಹಸ ಯಾರಿಗೂ ಬೇಡ. ಒಣ ದಿನಗಳಲ್ಲಿ ಮಾತ್ರ ಸಂಜೆ ಐದರ ಹೊತ್ತಿಗೆ ಹೋಗಬೇಕು, ಏಕೆಂದರೆ ಹಗಲಿಡೀ ಕುಡಿದ ಬಿಸಿಲನ್ನು ಕಲ್ಲು ಆಗ ಮೆಲ್ಲಗೆ ಬಿಟ್ಟುಕೊಡುತ್ತಿರುತ್ತದೆ, ಕೂತವರಿಗೆ ಏಳಲು ಮನಸ್ಸು ಬರುವುದಿಲ್ಲ.

ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಗುಡಿಗಳು ಪಕ್ಕದಲ್ಲಿಯೇ ಇರುವುದರಿಂದ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯ ವೇಳೆ ಇಲ್ಲಿ ಶಾಂತಿಯನ್ನು ಹುಡುಕಬಾರದು. ಆಗ ಒಂದು ಸೇರು ಹಸಿ ಕಡಲೆಕಾಯಿ ಕೊಂಡು, ಸಿಪ್ಪೆ ಹಾಕಲು ಬೇರೊಂದು ಚೀಲ ಹಿಡಿದುಕೊಂಡೇ ಒಳಗೆ ಬರಬೇಕು.