ಹೂದಾನಿಗೆ ಹಾಕುವ ಪುಡಿ: ಮೂರು ಬಗೆಯ ನೀರಿನಲ್ಲಿ ಬಳಸಿ ನೋಡಿದ ಮೇಲೆ

ಡಚ್ ರೋಸ್ ಬಂಚಿನ ಜೊತೆ ಒಂದು ಪುಟ್ಟ ಪೊಟ್ಟಣ ಬರುತ್ತದಲ್ಲ, ಬಹಳ ಮನೆಗಳಲ್ಲಿ ಅದು ಕವರಿನ ಜೊತೆಗೇ ಕಸದ ಬುಟ್ಟಿ ಸೇರುತ್ತದೆ. ನಾನು ಅದನ್ನು ಬಿಡಿಯಾಗಿ ಕೊಂಡು ತಂದಾದರೂ ಹಾಕುತ್ತೇನೆ, ಹಾಕುತ್ತಾ ವರ್ಷಗಳೇ ಆದವು. ಎರಡು ಮೂರು ಕಂಪನಿಗಳ ಪುಡಿ ಕೈಗೆ ಬಂದಿವೆ, ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಲ್ಲಿ ಯಾವ ಬ್ರ್ಯಾಂಡಿನ ಹೆಸರನ್ನೂ ಎತ್ತುವುದಿಲ್ಲ. ವ್ಯತ್ಯಾಸ ಕಂಡದ್ದು ನೀರಿನಲ್ಲಿ. ಅದೇ ಪುಡಿ, ಅದೇ ಅಂಗಡಿಯ ಗುಲಾಬಿ. ಒಂದು ನೀರಿನಲ್ಲಿ ವಾರ ದಾಟಿದರೂ ನೆಟ್ಟಗೆ ನಿಲ್ಲುತ್ತದೆ, ಇನ್ನೊಂದರಲ್ಲಿ ಎರಡು ಮೂರು ದಿನಕ್ಕೇ ಕತ್ತು ಬಾಗಿಸುತ್ತದೆ. "ಈ ಪುಡಿ ಬರೀ ಮೋಸ" ಎನ್ನುವವರೂ "ಇದು ಇಲ್ಲದೆ ಆಗುವುದೇ ಇಲ್ಲ" ಎನ್ನುವವರೂ ಇಬ್ಬರೂ ತಮ್ಮ ತಮ್ಮ ನಲ್ಲಿಯ ಮಟ್ಟಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ ಅನ್ನುವುದು ನನಗೆ ತಡವಾಗಿ ಅರ್ಥವಾಯಿತು.

ಪುಡಿಯೊಳಗೆ ಮಂತ್ರವೇನೂ ಇಲ್ಲ. ಸಕ್ಕರೆ, ಒಂದು ಆಮ್ಲ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಒಂದು ವಸ್ತು. ಗಿಡದಿಂದ ಕತ್ತರಿಸಿದ ಹೂವಿಗೆ ಎಲೆ ಮಾಡಿ ಕೊಡುತ್ತಿದ್ದ ಊಟ ನಿಂತುಹೋಗಿರುತ್ತದೆ. ಮೊಗ್ಗು ಅರಳಬೇಕಾದರೆ ಸಕ್ಕರೆ ಹೊರಗಿನಿಂದ ಬರಬೇಕು. ಆದರೆ ಬರೀ ಸಕ್ಕರೆ ನೀರು ಇಟ್ಟರೆ ಮೊದಲು ಉಣ್ಣುವುದು ಬ್ಯಾಕ್ಟೀರಿಯಾ. ಅವು ಕಡ್ಡಿಯ ತುದಿಯಲ್ಲಿ ಲೋಳೆ ಕಟ್ಟಿ ನೀರಿನ ನಾಳಗಳನ್ನು ಮುಚ್ಚುತ್ತವೆ, ಹೂದಾನಿ ತುಂಬ ನೀರಿದ್ದರೂ ಹೂವು ಬಾಯಾರಿ ಒಣಗುತ್ತದೆ. ಆಮ್ಲದ ಕೆಲಸ ನೀರನ್ನು ಸ್ವಲ್ಪ ಹುಳಿಯಾಗಿಸುವುದು. ಪಿಎಚ್ 4ರ ಆಸುಪಾಸಿನ ನೀರು ಕಡ್ಡಿಯಲ್ಲಿ ಸರಾಗವಾಗಿ ಏರುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಸೊಂಪಾಗಿ ಬೆಳೆಯುವುದಿಲ್ಲ. ನಾನು ತರುವ 5 ಗ್ರಾಂ ಪೊಟ್ಟಣ ಅರ್ಧ ಲೀಟರಿಗೆ. ಉಳಿತಾಯ ಎಂದು ಅದನ್ನೇ ಎರಡು ಲೀಟರಿಗೆ ಹಾಕುವವರಿದ್ದಾರೆ. ಅದಕ್ಕಿಂತ ಏನೂ ಹಾಕದಿರುವುದೇ ಮೇಲು. ಬ್ಯಾಕ್ಟೀರಿಯಾ ತಡೆಯುವ ಅಂಶ ಸಾಲದಷ್ಟು ತೆಳುವಾಗುತ್ತದೆ, ಅವಕ್ಕೆ ಬೇಕಾದ ಸಕ್ಕರೆ ಮಾತ್ರ ಉಳಿಯುತ್ತದೆ.

ಈಗ ನೀರಿನ ವಿಷಯ. ನಮ್ಮದು ಬೆಂಗಳೂರಿನ ಮಹದೇವಪುರ ಕಡೆಯ ಅಪಾರ್ಟ್‌ಮೆಂಟ್. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ನಮ್ಮದೂ ಒಂದು. ಕಾವೇರಿ ಇರಲಿಲ್ಲ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಾಫ್ಟ್‌ನರ್ ಮೂಲಕ ಹಾದು ನಲ್ಲಿಗೆ ಬರುತ್ತಿತ್ತು. ಈ ಸಾಫ್ಟ್‌ನರ್ ಮಾಡುವುದೇನೆಂದರೆ, ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುವುದು. ಪಂಪ್‌ಹೌಸ್‌ಗೆ ಆಗಾಗ ಉಪ್ಪಿನ ಮೂಟೆಗಳು ಬರುವುದು ಅದಕ್ಕೇ. ಪಾತ್ರೆಯ ಮೇಲೆ ಬಿಳಿ ಕಲೆ ಬೀಳುವುದಿಲ್ಲ, ಗೀಸರ್ ಬಾಳುತ್ತದೆ, ಸರಿ. ಗುಲಾಬಿಗೂ ಕಾರ್ನೇಷನ್‌ಗೂ ಮಾತ್ರ ಸೋಡಿಯಂ ಹೆಚ್ಚಿದ ನೀರು ಆಗುವುದಿಲ್ಲ. ಮೇಲಾಗಿ ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟ್ ಸಾಫ್ಟ್‌ನರ್ ದಾಟಿಯೂ ಹಾಗೆಯೇ ಉಳಿಯುತ್ತದೆ. ಪುಡಿಯಲ್ಲಿರುವ ಅಷ್ಟು ಆಮ್ಲವನ್ನೂ ಅದೇ ನುಂಗಿಬಿಡುತ್ತದೆ, ನೀರು ಹುಳಿಯಾಗುವುದೇ ಇಲ್ಲ. ಆ ನಲ್ಲಿಯ ನೀರಿನಲ್ಲಿ ಪುಡಿ ಹಾಕಿದ ಹೂವಿಗೂ ಹಾಕದ ಹೂವಿಗೂ ಹೆಚ್ಚುಕಡಿಮೆ ಒಂದೇ ಆಯುಸ್ಸು.

ಅದೇ ಪುಡಿಯನ್ನು ಕುಡಿಯುವ ಆರ್‌ಒ ನೀರಿಗೆ ಹಾಕಿದಾಗ ಬೇರೆಯೇ ಕಥೆ. ಮೊಗ್ಗುಗಳು ಪೂರ್ತಿ ಬಿಚ್ಚಿಕೊಂಡವು, ನೀರು ತಿಳಿಯಾಗಿಯೇ ಇತ್ತು, ಹೂದಾನಿಯ ಒಳಗೋಡೆ ಕೈಗೆ ಜಾರುತ್ತಿರಲಿಲ್ಲ. ಒಂದು ಎಚ್ಚರ: ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತೇವಲ್ಲ, ಅದನ್ನು ಹೂದಾನಿಗೆ ಸುರಿಯಬಾರದು. ಬಸಿದು ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ.

ಕಾವೇರಿ 5ನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ನಮ್ಮ ಕಟ್ಟಡಕ್ಕೂ ಸಂಪರ್ಕ ಸಿಕ್ಕಿತು. ಆಮೇಲಿನ ಅನುಭವ ಆರ್‌ಒ ನೀರಿಗೆ ಬಹಳ ಹತ್ತಿರ. ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಈ ನೀರಿಗೆ ನಮ್ಮ ಬೋರ್‌ವೆಲ್ಲಿನ ಗಡಸುತನ ಇಲ್ಲ. ಕಾವೇರಿ ಬಿಡುವ ದಿನ ಅಡುಗೆಮನೆ ನಲ್ಲಿಯಿಂದ ಹಿಡಿದಿಟ್ಟು ಅದನ್ನೇ ಹೂವಿಗೆ ಬಳಸುತ್ತೇನೆ, ಕುಡಿಯುವ ನೀರು ಉಳಿಯುತ್ತದೆ.

ಫ್ಲೋರೈಡ್ ಇನ್ನೊಂದು ತೊಡಕು. ನಮ್ಮ ಅಕ್ಕನ ಮನೆ ಬಾಗೇಪಲ್ಲಿ ಕಡೆ. ಅಲ್ಲಿನ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತಿರುವುದೇ. ಹಬ್ಬಕ್ಕೆ ತೆಗೆದುಕೊಂಡು ಹೋದ ಗ್ಲ್ಯಾಡಿಯೋಲಸ್ ಅಲ್ಲಿ ಅರಳುವ ಮೊದಲೇ ಎಸಳಿನ ಅಂಚು ಸುಟ್ಟಂತೆ ಕಂದಾಯಿತು. ಗ್ಲ್ಯಾಡಿಯೋಲಸ್ ಮತ್ತು ಜರ್ಬೆರಾಗಳಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು, ಕೆಡುತ್ತವೆ. ಕುಡಿಯುವ ನೀರಿಗೆ ನಮ್ಮಲ್ಲಿ ಒಪ್ಪುವ ಮಿತಿಯೂ ಅಷ್ಟೇ, ಬೇರೆ ದಾರಿಯಿಲ್ಲದಿದ್ದರೆ 1.5 ತನಕ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರು ಹೂದಾನಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ. ಫ್ಲೋರೈಡ್ ಹೋಗಲಾಡಿಸುವ ಶಕ್ತಿ ಈ ಪುಡಿಗೆ ಇಲ್ಲ.

ಎಲ್ಲ ಹೂವಿಗೂ ಪುಡಿಯ ಫಲ ಒಂದೇ ಅಲ್ಲ. ಅತಿ ಹೆಚ್ಚು ಲಾಭ ಕಂಡದ್ದು ಸುಗಂಧರಾಜದಲ್ಲಿ. ಕಡ್ಡಿಯ ಕೆಳಗಿನ ಹೂಗಳು ಮೊದಲು ಅರಳಿ ಮೇಲಕ್ಕೆ ಸಾಗುತ್ತವೆ. ಬರೀ ನೀರಿನಲ್ಲಿಟ್ಟರೆ ತುದಿಯ ಮೊಗ್ಗುಗಳು ಹಸಿರಾಗಿಯೇ ಮುರುಟುತ್ತವೆ. ಪುಡಿಯ ಸಕ್ಕರೆ ಸಿಕ್ಕಿದರೆ ಬಹುಪಾಲು ಬಿಳಿಯಾಗಿ ಅರಳಿ, ಸಂಜೆಯಾದರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಬಾಡಿದ ಕೆಳಗಿನ ಹೂಗಳನ್ನು ದಿನವೂ ಚಿವುಟಬೇಕು, ಅಷ್ಟೇ. ಹೂದಾನಿಗಾದರೆ ಸುತ್ತುಸುತ್ತಿನ ಎಸಳಿನ ಜಾತಿ ಕೇಳಿ ಕೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಸುವಾಸಿನಿ, ವೈಭವ್ ಆ ಬಗೆಯವು. ಪ್ರಜ್ವಲ್, ಶೃಂಗಾರ್ ಒಂಟಿ ಸುತ್ತಿನವು, ಹೆಚ್ಚಾಗಿ ಹಾರಕ್ಕೆ ಹೋಗುತ್ತವೆ.

ಗುಲಾಬಿಯಲ್ಲಿ ಪುಡಿಯಷ್ಟೇ ಮುಖ್ಯ ಕತ್ತರಿ. ಮಾರುಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ಕಡ್ಡಿಯ ತುದಿ ಗಾಳಿ ಎಳೆದುಕೊಂಡಿರುತ್ತದೆ. ಬಕೆಟ್ಟಿನ ನೀರಿನೊಳಗೇ ತುದಿಯನ್ನು ಮುಳುಗಿಸಿ ಹಿಡಿದು, ಗಿಡ ಸವರುವ ಹರಿತ ಕತ್ತರಿಯಿಂದ ಎರಡು ಬೆರಳಷ್ಟು ಓರೆಯಾಗಿ ಕತ್ತರಿಸಿ, ಸೀದಾ ಹೂದಾನಿಗೆ ಸೇರಿಸುತ್ತೇನೆ. ನೀರಿನ ಮಟ್ಟಕ್ಕಿಂತ ಕೆಳಗಿನ ಎಲೆಗಳೆಲ್ಲ ತೆಗೆಯಬೇಕು. ಮುಳ್ಳು ಕೆತ್ತುವವರು ಸಿಪ್ಪೆ ಗಾಯವಾಗದಂತೆ ನೋಡಿಕೊಳ್ಳಲಿ. ಅರ್ಧ ಅರಳಿದ ಗುಲಾಬಿ ಕತ್ತು ಬಗ್ಗಿಸಿತೆಂದು ಎಸೆಯಬೇಡಿ. ತುದಿಯನ್ನು ಮತ್ತೊಮ್ಮೆ ಕತ್ತರಿಸಿ, ಹೂವು ಕಡ್ಡಿ ಸಮೇತ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ತಾಸು ಮಲಗಿಸಿ. ಕಾರಣ ಗಾಳಿಯ ತಡೆಯಾಗಿದ್ದರೆ ಕತ್ತು ನೆಟ್ಟಗಾಗುತ್ತದೆ. ಹಳೆಯ ಹೂವಾದರೆ ಇದು ನಡೆಯುವುದಿಲ್ಲ.

ಜರ್ಬೆರಾಕ್ಕೆ ನಾನು ಪುಡಿ ಹಾಕುವುದು ಬಿಟ್ಟಿದ್ದೇನೆ. ಅದರ ಕಡ್ಡಿ ಮೃದು, ಮೈತುಂಬ ನವಿರು ರೋಮ, ನೀರಿನಲ್ಲಿ ಬೇಗ ಕೊಳೆಯುತ್ತದೆ. ನಾಲ್ಕು ಬೆರಳು ಆಳದ ನೀರು, ಅದಕ್ಕೆ ಬ್ಲೀಚಿನ ಕೆಲವು ಹನಿ, ದಿನ ಬಿಟ್ಟು ದಿನ ಬದಲು. ಸೇವಂತಿಗೆ ಒಳ್ಳೆಯ ನೀರೊಂದಿದ್ದರೆ ತಾನೇ ಬಾಳುತ್ತದೆ; ಅದರಲ್ಲಿ ಎಸಳಿಗಿಂತ ಮೊದಲು ಎಲೆ ಹಳದಿಯಾಗುತ್ತದೆ, ಆ ಎಲೆ ಕಿತ್ತರಾಯಿತು. ಕೊಡಗು, ಸಕಲೇಶಪುರ ಕಡೆಯಿಂದ ಬರುವ ಆಂಥೂರಿಯಂಗೂ ಪುಡಿ ದಂಡ, ಅದು ಎರಡು ವಾರಕ್ಕೂ ಮೀರಿ ನಿಲ್ಲುವ ಹೂವು. ಅದನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಚಳಿಗೆ ಕಪ್ಪಾಗುತ್ತದೆ.

ಪುಡಿಯ ಕೈಗೆ ಎಟುಕದ ಶತ್ರು ಎಥಿಲೀನ್ ಅನಿಲ. ಮಾಗುವ ಬಾಳೆಹಣ್ಣು, ಮಾವಿನಹಣ್ಣು ಇದನ್ನು ಹೊರಬಿಡುತ್ತವೆ, ಹೊಗೆಯಲ್ಲೂ ಇರುತ್ತದೆ. ಹಿಂದೆ ಬಾಳೆಗೊನೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದದ್ದು ಇದರ ಬಲದಿಂದಲೇ. ಕಾಯನ್ನು ಹಣ್ಣು ಮಾಡುವ ಅನಿಲ ಹೂವನ್ನು ಮುದಿಯಾಗಿಸುತ್ತದೆ. ಕಾರ್ನೇಷನ್‌ಗೆ ಇದು ತಾಗಿದರೆ ಎಸಳುಗಳು ಒಳಕ್ಕೆ ಸುರುಳಿಕೊಂಡು ಹೂವು ನಿದ್ದೆ ಹೋದಂತೆ ಮುಚ್ಚುತ್ತದೆ, ಮತ್ತೆ ಬಿಚ್ಚುವುದಿಲ್ಲ. ಊಟದ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಮತ್ತು ಹೂದಾನಿ ಒಟ್ಟಿಗೆ ಇಡುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಈಗ ಬುಟ್ಟಿ ಅಡುಗೆಮನೆಗೆ ಹೋಗಿದೆ. ದೇವರಮನೆಯಲ್ಲಿ ಊದಿನಕಡ್ಡಿ, ಧೂಪದ ಹತ್ತಿರ ಕಾರ್ನೇಷನ್ ಬೇಡ, ಸೇವಂತಿಗೆ ಇಡಿ. ಅದು ಈ ಅನಿಲಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಅತ್ತೆಯವರಿಗೆ ಇದನ್ನು ವಿವರಿಸಿದಾಗ ಅವರು ಅಂದದ್ದು, "ಅದಕ್ಕೇ ಇರಬೇಕು ಕಣಮ್ಮ, ಹಿಂದಿನವರು ಪೂಜೆಗೆ ಸೇವಂತಿಗೆ ಹಿಡಿದದ್ದು." ಕಾರಣ ಅದೇ ಹೌದೋ ಅಲ್ಲವೋ, ದೇವರಮನೆಗೆ ಈಗ ಸೇವಂತಿಗೆಯೇ.

ಪುಡಿಯ ಬಗ್ಗೆ ನನ್ನ ಗಂಭೀರ ತಕರಾರು ಒಂದೇ. ನಾನು ಕೊಂಡ ಒಂದು ಪೊಟ್ಟಣದ ಮೇಲೆ, ನೀರು ಬದಲಿಸಬೇಕಿಲ್ಲ, ಕಡಿಮೆಯಾದಷ್ಟು ತುಂಬಿದರೆ ಸಾಕು ಎಂದು ಬರೆದಿತ್ತು. ತಂಪು ದೇಶಗಳಲ್ಲಿ ಸರಿಯಿರಬಹುದು. ನಮ್ಮಲ್ಲಿ ನಿಂತ ನೀರೆಂದರೆ ಈಡಿಸ್ ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ, ಹತ್ತು ದಿನ ಸಾಕು, ಹೂವು ಚೆನ್ನಾಗಿ ಬಾಳುವುದೂ ಅಷ್ಟೇ ದಿನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷ ನಮ್ಮ ಕಟ್ಟಡದ ಎಷ್ಟೋ ಮನೆಗಳಲ್ಲಿ ಜ್ವರವಿತ್ತು. ಹೂವು ಎಷ್ಟೇ ತಾಜಾ ಇರಲಿ, ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ಪುಡಿ ಹಾಕಿ. ಚೆಲ್ಲಿದರಷ್ಟೇ ಸಾಲದು. ಆ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಬಾಟಲಿ ತೊಳೆಯುವ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿಯೇ ತೊಳೆಯಬೇಕು. ಹೀಗೆ ಮಾಡಿದರೆ ಪುಡಿಯ ಖರ್ಚು ಎರಡು ಮೂರು ಪಟ್ಟಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಕೊಳ್ಳಿ.

ಖರ್ಚು ಹೆಚ್ಚೆನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಟೀ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಅರ್ಧ ಟೀ ಚಮಚ ಬಟ್ಟೆಗೆ ಹಾಕುವ ದ್ರವ ಬ್ಲೀಚ್. ನಿಂಬೆರಸ ಮತ್ತು ಬ್ಲೀಚನ್ನು ನೇರವಾಗಿ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಪೂರ್ತಿ ನೀರಿಗೆ ಹಾಕಿ ಕಲಕಿ. ಗುಲಾಬಿಯಲ್ಲಿ ಇದು ಅಂಗಡಿ ಪುಡಿಗೆ ಹೆಚ್ಚೇನೂ ಹಿಂದೆ ಬೀಳಲಿಲ್ಲ, ಸುಗಂಧರಾಜದಲ್ಲಿ ಅಂಗಡಿಯದೇ ಮೇಲು. ನಾಣ್ಯ ಹಾಕಿದರೆ ಹೂ ಬಾಳುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಆ ಮಾತು ತಾಮ್ರದ ನಾಣ್ಯದ್ದು, ನಮ್ಮ ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು.

ಅಂಗಡಿ ಪುಡಿಯಾಗಲಿ, ನಿಂಬೆಯ ನೀರಾಗಲಿ, ಗಾಜು ಅಥವಾ ಪಿಂಗಾಣಿಯಲ್ಲೇ ಇರಲಿ. ಹಿತ್ತಾಳೆ ಚೊಂಬಿನಲ್ಲಿ ಹೂ ಜೋಡಿಸಿದರೆ ಚೆಂದವೇನೋ ಹೌದು, ಆದರೆ ಆಮ್ಲ ಲೋಹವನ್ನು ತಿನ್ನುತ್ತದೆ, ನೀರಿನ ಗುಣವೂ ಕೆಡುತ್ತದೆ. ಚೊಂಬೇ ಬೇಕೆಂದರೆ ಒಳಗೆ ಹಿಡಿಸುವ ಗಾಜಿನ ಲೋಟವೊಂದನ್ನು ಇಳಿಸಿ, ಹೂವನ್ನು ಅದರಲ್ಲಿ ನಿಲ್ಲಿಸಿ. ಕಟ್ಟಿದ ಮಲ್ಲಿಗೆ, ಕನಕಾಂಬರದ ಮಾಲೆಗೆ ಈ ಪುಡಿ ಚಿಮುಕಿಸಬಹುದೇ ಎಂದು ಪಕ್ಕದ ಮನೆಯವರು ಕೇಳಿದ್ದರು. ಬೇಡ. ನೀರೆಳೆಯಲು ಅವಕ್ಕೆ ಕಡ್ಡಿಯೇ ಇಲ್ಲ. ಬಾಳೆಎಲೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಸಾಕು.

ಪೊಟ್ಟಣ ಒಡೆದ ಮೇಲೆ ಮಳೆಗಾಲದಲ್ಲಿ ಪುಡಿ ಗಟ್ಟಿಯಾಗುತ್ತದೆ, ಸಕ್ಕರೆಯ ವಾಸನೆಗೆ ಇರುವೆ ಹುಡುಕಿಕೊಂಡು ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ನೋಡಲು ಥೇಟ್ ಸಕ್ಕರೆ ಪುಡಿಯಂತೆಯೇ ಇರುತ್ತದೆ.