ಕಾರ್ಡಿನ ಹಿಂಬದಿಗೆ ಬ್ರೌನ್ ಪೇಪರ್: ಮಕ್ಕಳ ಗಣಿತದ ಪೆಟ್ಟಿಗೆಯೊಂದಿಗೆ 14 ತಿಂಗಳು

ತಿಂಗಳಿಗೊಂದರಂತೆ ಮನೆಗೆ ಬರುವ ಈ ಗಣಿತದ ಆಟದ ಪೆಟ್ಟಿಗೆಗೆ ನಾವು ಚಂದಾದಾರರಾಗಿ 14 ತಿಂಗಳಾಯಿತು. ಯಾವ ತಿಂಗಳು ಏನೇನು ಬರುತ್ತದೆ ಎಂಬುದು ಜಾಹೀರಾತಿನಲ್ಲಿಯೇ ಇರುವುದರಿಂದ ಅದನ್ನು ಮತ್ತೆ ಪಟ್ಟಿ ಮಾಡುವುದಿಲ್ಲ. ಚಂದಾ ಕಟ್ಟಿದಾಗ ಮಗಳಿಗೆ ಆರು ವರ್ಷ, ಸರಾಗವಾಗಿ ಓದುತ್ತಿದ್ದಳು. ಮಗನಿಗೆ ನಾಲ್ಕು, ಅಕ್ಷರ ಕೂಡಿಸಲು ಇನ್ನೂ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಒಂದೇ ಪೆಟ್ಟಿಗೆ ಓದಲು ಬಾರದವನಿಗೆ ಒಲಿಯಿತು, ಓದಬಲ್ಲವಳಿಗೆ ಮೊದಲ ವಾರವೇ ಬೇಸರ ತರಿಸಿತು. ಆ ಬೇಸರಕ್ಕೆ ಕಾರಣ ಗಣಿತವಲ್ಲ, ಮುದ್ರಣ.

ಪ್ರತಿ ಕಾರ್ಡಿನ ಮುಂಬದಿಯಲ್ಲಿ ಒಗಟು, ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಉತ್ತರ. ಮೊದಲ ತಿಂಗಳ ಮೊದಲ ಕಾರ್ಡು ಕ್ಯೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳದ್ದು: ಹೊಳೆಯ ಎರಡು ದಡ, ನಡುವೆ ಎರಡು ದ್ವೀಪ, ಅವುಗಳನ್ನು ಕೂಡಿಸುವ ಏಳು ಸೇತುವೆ, ಯಾವ ಸೇತುವೆಯನ್ನೂ ಎರಡನೆಯ ಬಾರಿ ತುಳಿಯದೆ ಎಲ್ಲವನ್ನೂ ದಾಟಿ ಬರಬೇಕು. ಮಗಳು ಮರದ ಪುಟ್ಟ ಗೊಂಬೆಯನ್ನು ಎರಡು ಸಲ ನಡೆಸಿದಳು, ಮೂರನೆಯ ಸಲಕ್ಕೆ ಕಾರ್ಡನ್ನು ಮಗುಚಿದಳು. “ಇದು ಅಸಾಧ್ಯ” ಎಂದು ಓದಿದಳು. “ಆಗಲ್ಲವಂತೆ” ಎಂದು ಹೇಳಿ ಎದ್ದುಹೋದಳು. 1735ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯ ಮುಂದಿಟ್ಟ, ಬಿಂದುಗಳನ್ನೂ ಅವನ್ನು ಕೂಡಿಸುವ ಗೆರೆಗಳನ್ನೂ ಕುರಿತ ಗ್ರಾಫ್ ಸಿದ್ಧಾಂತವೆಂಬ ಶಾಖೆಗೇ ಮೊದಲ ಹೆಜ್ಜೆ ಎನಿಸಿಕೊಂಡ ವಿಚಾರ ನಮ್ಮ ಮನೆಯಲ್ಲಿ ನಾಲ್ಕು ನಿಮಿಷಕ್ಕೆ ಮುಗಿದುಹೋಯಿತು.

ನನಗೆ ಬಂದ ಸಿಟ್ಟು ಸಣ್ಣದಲ್ಲ. ವರ್ಷದ ಚಂದಾ ಒಟ್ಟಿಗೆ ಕಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅದು ಮಕ್ಕಳ ಪುಸ್ತಕಗಳಿಗೆಂದು ಎತ್ತಿಟ್ಟಿದ್ದ ಅಷ್ಟೂ ಹಣ. ಉತ್ತರಗಳನ್ನು ಬೇರೆ ಕಿರುಪುಸ್ತಕದಲ್ಲಿ ಕೊಡಬಹುದಲ್ಲವೇ ಎಂದು ಸಂಸ್ಥೆಗೆ ಬರೆದೆ. ಪೋಷಕರ ಅನುಕೂಲಕ್ಕಾಗಿ ಹಾಗೆ ಮಾಡಿದ್ದೇವೆ ಎಂಬ ವಿನಯದ ಉತ್ತರ ಬಂತು. ಅನುಕೂಲವಾಗಬೇಕಿದ್ದ ಪೋಷಕಿ ನಾನೇ, ನನಗೇ ಅದು ಅನುಕೂಲವಾಗಿರಲಿಲ್ಲ.

ಹೀಗೆ ಒಂದು ವ್ರತ ಆರಂಭವಾಯಿತು. ಪೆಟ್ಟಿಗೆ ಬಂದ ರಾತ್ರಿ ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು, ಪುಸ್ತಕಕ್ಕೆ ಬೈಂಡು ಹಾಕುವ ಬ್ರೌನ್ ಪೇಪರನ್ನು ಅಳತೆಗೆ ಕತ್ತರಿಸಿ, ಪ್ರತಿ ಕಾರ್ಡಿನ ಬೆನ್ನಿಗೂ ಅಂಟಿಸುತ್ತೇನೆ. ಅಂಟಿಸುವ ಮೊದಲು ಉತ್ತರವನ್ನು ನಾನೂ ಓದುವುದಿಲ್ಲ. ಶಾಲೆಯಲ್ಲಿ ಗಣಿತದ ಅವಧಿ ಬಂದರೆ ಹೊಟ್ಟೆನೋವು ಬರುತ್ತಿದ್ದ ನನಗೆ, ಗೊತ್ತಿಲ್ಲದವಳಾಗಿ ಮಕ್ಕಳ ಪಕ್ಕ ಕೂರುವುದು ಕಷ್ಟದ ನಟನೆಯೇನೂ ಆಗಲಿಲ್ಲ. ಕಾಗದದ ಅಂಚುಗಳನ್ನು ಬೆರಳಿನಿಂದ ಒತ್ತಿ, ಮೇಲೆ ದಪ್ಪ ನಿಘಂಟೊಂದನ್ನು ಹೇರಿಟ್ಟು ಮಲಗುವ ಆ ಮುಕ್ಕಾಲು ಗಂಟೆ, ಹೇಳಿದರೆ ನಗಬೇಡಿ, ಈಗ ನನ್ನ ತಿಂಗಳಿನ ಅತ್ಯಂತ ನೆಮ್ಮದಿಯ ಹೊತ್ತು.

ಓದಲು ಬಾರದ ಮಗನಿಗೆ ಈ ಏರ್ಪಾಡಿನ ಅಗತ್ಯವೇ ಇರಲಿಲ್ಲ. ಅವನ ಪಾಲಿಗೆ ಎರಡನೆಯ ತಿಂಗಳಿನ ಹನೋಯ್ ಗೋಪುರ ಬಂತು. ಇದು 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಆಟಿಕೆಯಾಗಿ ಹೊರತಂದದ್ದು: ಮೂರು ಗೂಟ, ಒಂದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸಿದ ಬಿಲ್ಲೆಗಳು, ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಕೂಡದು. ಮೂರು ಬಿಲ್ಲೆಗಳನ್ನು ಏಳು ನಡೆಯಲ್ಲಿ ಸಾಗಿಸುವುದು ಅವನಿಗೆ ಒಂದು ವಾರದಲ್ಲಿ ಕೈವಶವಾಯಿತು. ನಾಲ್ಕನೆಯ ಬಿಲ್ಲೆ ಹಾಕಿದಾಗ ಬಹಳ ಹೊತ್ತು ಸುಮ್ಮನಿದ್ದು, ಗೂಟದ ಕಡೆಗೆ ಬೆರಳು ತೋರಿಸಿ, “ಮೊದಲಿನದೇ ಆಟ, ಆಮೇಲೆ ದೊಡ್ಡದು, ಆಮೇಲೆ ಮತ್ತೆ ಮೊದಲಿನದೇ ಆಟ” ಎಂದ. ಏಳು, ಒಂದು, ಮತ್ತೆ ಏಳು; ಒಟ್ಟು 15. ಐದಕ್ಕೆ 31. ಪದವಿ ತರಗತಿಗಳಲ್ಲಿ ಪುನರಾವರ್ತಿ ಸಂಬಂಧವೆಂದು (ಹಿಂದಿನ ಉತ್ತರದಿಂದಲೇ ಮುಂದಿನದನ್ನು ಕಟ್ಟುವ ಸೂತ್ರ) ಕಲಿಸುವುದನ್ನು ಕೂಡುವ ಲೆಕ್ಕವೇ ಸರಿಯಾಗಿ ಬಾರದ ಮಗು ಕೈಯಿಂದ ಕಂಡುಕೊಂಡಿತ್ತು. 64 ಬಿಲ್ಲೆಗಳಾದರೆ, ಸೆಕೆಂಡಿಗೊಂದು ನಡೆಯಂತೆ, ಸುಮಾರು 58,000 ಕೋಟಿ ವರ್ಷ ಬೇಕು ಎಂದಾಗ ಅವನು ಕೇಳಿದ್ದು, “ಅಷ್ಟರಲ್ಲಿ ನಾನು ದೊಡ್ಡವನಾಗಿರುತ್ತೇನಾ?”

ಮಗಳು ಸೇತುವೆಗಳ ಕಡೆಗೆ ಮರಳಿದ್ದು ಮೂರು ತಿಂಗಳ ನಂತರ, ಅದೂ ತಮ್ಮನಿಗೆ ಆಡಿಸುವ ನೆಪದಲ್ಲಿ. ಆಗುವುದಿಲ್ಲ ಎಂಬುದು ಅವಳಿಗೆ ನೆನಪಿತ್ತು, ಆದರೆ “ಯಾಕೆ ಆಗಲ್ಲ ಅಕ್ಕಾ?” ಎಂಬ ತಮ್ಮನ ಪ್ರಶ್ನೆಗೆ ಅವಳ ಬಳಿ ಏನೂ ಇರಲಿಲ್ಲ, ಕಾರ್ಡಿನ ಬೆನ್ನಿಗೋ ಈಗ ಕಾಗದ ಅಂಟಿತ್ತು. ನಾಲ್ಕಾರು ಸಂಜೆ ಗೊಂಬೆಯನ್ನು ನಡೆಸಿದರು. ಒಂದು ದಿನ ಅವಳು ನಡೆಸುವುದನ್ನು ಬಿಟ್ಟು ಸೇತುವೆಗಳನ್ನು ಜೋಡಿ ಜೋಡಿಯಾಗಿ ಬೆರಳಿನಿಂದ ಮುಚ್ಚತೊಡಗಿದಳು. “ಅಮ್ಮ, ಒಳಗೆ ಹೋದವನು ಹೊರಗೆ ಬರಬೇಕಲ್ಲ? ಒಂದು ಹೋಗೋಕೆ, ಒಂದು ಬರೋಕೆ. ಇಲ್ಲಿ ಒಂದು ಒಂಟಿ ಉಳಿಯಿತು. ಇಲ್ಲೂ ಒಂಟಿ.” ಒಂದು ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ನೆಲಗಳಿಗೆ ಮೂರು ಮೂರು, ನಾಲ್ಕೂ ಬೆಸ. ನಡಿಗೆ ಆರಂಭವಾಗುವ ಮತ್ತು ಮುಗಿಯುವ ಕಡೆಗಳಲ್ಲಿ ಮಾತ್ರ ಬೆಸ ಸಂಖ್ಯೆ ಸಲ್ಲುತ್ತದೆ, ಅಂದರೆ ಹೆಚ್ಚೆಂದರೆ ಎರಡು ಕಡೆ. ಆಯ್ಲರನ ವಾದವೂ ಇದೇ ಎಂದು ನನಗೆ ತಿಳಿದದ್ದು ಆ ರಾತ್ರಿ ಕಾಗದದ ಒಂದು ಮೂಲೆಯನ್ನು ಎಬ್ಬಿಸಿ ನೋಡಿದ ಮೇಲೆ.

ಅಲ್ಲಿಂದ ಮುಂದೆ ಪೆಟ್ಟಿಗೆಯ ಮೇಲಿನ ನನ್ನ ಕೋಪ ಇಳಿಯಿತು. ನಕ್ಷೆಗೆ ಬಣ್ಣ ಹಚ್ಚುವ ತಿಂಗಳಂತೂ ಮನೆಮಂದಿಗೆಲ್ಲ ಹುಚ್ಚು ಹಿಡಿಸಿತು: ಒಬ್ಬರು ದೇಶಗಳ ಗಡಿ ಎಳೆಯುವುದು, ಇನ್ನೊಬ್ಬರು ಅಕ್ಕಪಕ್ಕದ ದೇಶಗಳಿಗೆ ಒಂದೇ ಬಣ್ಣ ಬಾರದಂತೆ ನಾಲ್ಕೇ ಬಣ್ಣಗಳಲ್ಲಿ ತುಂಬುವುದು. 1852ರಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ಹಚ್ಚುತ್ತಿದ್ದ ಫ್ರಾನ್ಸಿಸ್ ಗುತ್ರಿಗೆ ಹೊಳೆದ, ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಎಂಬ ಊಹೆಯನ್ನು 1976ರಲ್ಲಿ ಗಣಿತಜ್ಞರಾದ ಅಪೆಲ್ ಮತ್ತು ಹಾಕೆನ್ ಕಂಪ್ಯೂಟರಿನ ನೆರವಿನಿಂದ ಸಾಧಿಸಿದರು. ನನ್ನ ಮಗನಿಗೆ ಮಾತ್ರ ಇಂದಿಗೂ ನಂಬಿಕೆಯಿಲ್ಲ. ಅವನಿಗೆ ಅಚ್ಚುಮೆಚ್ಚಿನ ನೇರಳೆ ಐದನೆಯ ಬಣ್ಣ. ಅದು ಬೇಕೇಬೇಕಾಗುವ ನಕ್ಷೆಯನ್ನು ಹುಡುಕುತ್ತಲೇ ಇದ್ದಾನೆ. ಅದೇ ಪೆಟ್ಟಿಗೆಯಲ್ಲಿ ಬಂದ, ಗಾಳಿ ತುಂಬುವ ಬಳೆಯಾಕಾರದ ಟ್ಯೂಬಿನ ಮೇಲೆ ಏಳು ಬಣ್ಣಗಳವರೆಗೂ ಬೇಕಾಗಬಹುದು ಎಂದು ತಿಳಿದಾಗ ಅವನು ಕುಣಿದಾಡಿಬಿಟ್ಟ. ಟ್ಯೂಬು ಮೂರನೆಯ ದಿನ ಗಾಳಿ ಬಿಟ್ಟಿತು.

ದೂರಲು ಇನ್ನೂ ಇದೆ. ಮೊಬಿಯಸ್ ಪಟ್ಟಿಯ ತಿಂಗಳಿಗೆ ಅವರು ಕೊಟ್ಟದ್ದು ಹನ್ನೆರಡೇ ಕಾಗದದ ಪಟ್ಟಿ, ಅದೂ ಹಿಂದೆ ಅಂಟು ಬಳಿದದ್ದು. ಮುಗಿದರೆ ಹೊಸ ಕಟ್ಟನ್ನು ಅವರಿಂದಲೇ ಕೊಳ್ಳಬೇಕೆಂಬ ಸೂಚನೆ ಬೇರೆ. ಹಳೆಯ ದಿನಪತ್ರಿಕೆಯ ಅಂಚನ್ನು ಉದ್ದಕ್ಕೆ ಕತ್ತರಿಸಿ, ಅರ್ಧ ತಿರುವು ಕೊಟ್ಟು ತುದಿಗಳನ್ನು ಅಂಟಿಸಿದರೆ ಸಾಕು. ನಡುಗೆರೆಯ ಗುಂಟ ಕತ್ತರಿಸಿದಾಗ ಅದು ಎರಡು ಹೋಳಾಗದೆ ಒಂದೇ ಉದ್ದನೆಯ ಉಂಗುರವಾಗಿ ಬಿಚ್ಚಿಕೊಳ್ಳುವುದನ್ನೂ, ಅಂಚಿನಿಂದ ಮೂರನೆಯ ಒಂದು ಭಾಗದಲ್ಲಿ ಕತ್ತರಿಸಿದಾಗ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಉಂಗುರಗಳಾಗುವುದನ್ನೂ ಮಕ್ಕಳು ನೂರು ಸಲ ಮಾಡುತ್ತಾರೆ. ಅದಕ್ಕೆ ಹನ್ನೆರಡು ಪಟ್ಟಿ ಯಾವ ಮೂಲೆಗೆ? ಜೊತೆಗೆ ಬರುವ ಆ್ಯಪ್ ಬಗ್ಗೆ ಒಂದೇ ಮಾತು: ಅದರಲ್ಲಿ ಗಡಿಯಾರ ಓಡುತ್ತದೆ, ಬೇಗ ಮುಗಿಸಿದವರಿಗೆ ನಕ್ಷತ್ರ ಸಿಗುತ್ತದೆ, ಎರಡನೆಯ ದಿನ ತೆಗೆದುಹಾಕಿದೆ.

ಶಾಲೆಯ ಅಂಕಗಳು ಹೆಚ್ಚಾಗುತ್ತವೆಯೇ ಎಂದು ಕೇಳುವವರಿಗೆ ನನ್ನ ಅನುಭವ ಇಷ್ಟೇ: ಮಗಳು ಏಳರ ಮಗ್ಗಿಯಲ್ಲಿ ಇಂದಿಗೂ ಎಡವುತ್ತಾಳೆ. ಈ ಪೆಟ್ಟಿಗೆಯ ಗಣಿತಕ್ಕೆ ಮಗ್ಗಿ ಬೇಕಿಲ್ಲ, ಅದು ಮಗ್ಗಿಯನ್ನು ಕಲಿಸುವುದೂ ಇಲ್ಲ. ಸೇತುವೆ, ಗಂಟು, ಗಡಿ, ತಿರುವು ಇವು ಉನ್ನತ ತರಗತಿಗಳ ವಸ್ತುಗಳಾದರೂ ಸಂಖ್ಯೆಗಳಿಗಿಂತ ಕೈಬೆರಳುಗಳಿಗೆ ಹತ್ತಿರದವು. ಅಂಕ ಬೇಕಾದವರು ಆ ಹಣವನ್ನು ಬೇರೆಡೆ ಖರ್ಚು ಮಾಡಬಹುದು.

ಮಗನಿಗೆ ಈಗ ಐದು ತುಂಬಿದೆ, ಓದಲು ಬರುತ್ತದೆ. ಕಳೆದ ವಾರ ಕಾರ್ಡೊಂದರ ಬೆನ್ನಿನ ಕಾಗದವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ಅಕ್ಕ ನೋಡಿ, “ಅದನ್ನು ಕೀಳಬೇಡ ಕಣೋ, ಅಲ್ಲಿ ಏನೂ ಇಲ್ಲ, ಬರೀ ಉತ್ತರ ಇದೆ” ಎಂದಳು. ಅವನು ಕಿತ್ತೇ ನೋಡಿದ.

ಮುಂದಿನ ವರ್ಷದ ಚಂದಾ ಕಟ್ಟುತ್ತಿಲ್ಲ. ಒಂಬತ್ತನೆಯ ತಿಂಗಳಿನಿಂದ ಈಚೆಗೆ ಬಂದವುಗಳಲ್ಲಿ ಹಳೆಯ ಒಗಟುಗಳೇ ಹೊಸ ಚಿತ್ರಗಳೊಂದಿಗೆ ಮರುಕಳಿಸಿವೆ. ಹೊಸದಾಗಿ ಕೊಳ್ಳುವವರು ಆರು ತಿಂಗಳ ಚಂದಾ ಕಟ್ಟಿದರೆ ಸಾಕು, ಜೊತೆಗೆ ಬ್ರೌನ್ ಪೇಪರಿನ ಒಂದು ಸುರುಳಿಯನ್ನೂ ತಂದಿಟ್ಟುಕೊಳ್ಳಿ. ಗೋಪುರವನ್ನು ನಾವು ಇಟ್ಟುಕೊಳ್ಳುತ್ತೇವೆ. ಕಾರ್ಡುಗಳನ್ನು ಸಹೋದ್ಯೋಗಿಯೊಬ್ಬರ ಮಗುವಿಗೆ ಕೊಡಲು ಕಟ್ಟಿಟ್ಟಿದ್ದೇನೆ. ಕಿತ್ತುಹೋಗಿದ್ದ ಆ ಒಂದಕ್ಕೂ ಹೊಸ ಕಾಗದ ಅಂಟಿಸಿಯಾಗಿದೆ.